ನೋವಿಗೆ ನಾಲ್ಕು ಸಾಲು

ಹನಿಗವನ ಎಂದರೆ ನಗಿಸುವ ನಾಲ್ಕು ಸಾಲು ಎಂದೇ ನಮ್ಮಲ್ಲಿ ಹಲವರ ತಿಳುವಳಿಕೆ. ಹೇಳಿಕೊಳ್ಳಲಾಗದ ನೋವಿಗೂ ಈ ಪುಟ್ಟ ಪ್ರಕಾರ ಒದಗುತ್ತದೆ. ಬಾಲ್ಯದಲ್ಲಿ ಹೊಡೆತ, ಅವಮಾನ, ಲೈಂಗಿಕ ದೌರ್ಜನ್ಯ ಅನುಭವಿಸಿದವರು ನಮ್ಮ ಪಕ್ಕದ ಬೆಂಚಿನಲ್ಲೇ ಇರಬಹುದು. ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತನಾಡಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿ ತಿಳಿಸಿದ್ದರು. ಅವರಲ್ಲಿ ಹುಡುಗರೂ ಹುಡುಗಿಯರೂ ಹೆಚ್ಚುಕಡಿಮೆ ಸಮವಾಗಿದ್ದರು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ.

ಸಣ್ಣ ಕವಿತೆಯೇ ಏಕೆ?

ಇಂಥ ನೆನಪು ಕಥೆಯಂತೆ ಸಾಲಾಗಿ ಬರುವುದಿಲ್ಲ, ಚೂರುಚೂರಾಗಿ ಬರುತ್ತದೆ. ಒಂದು ವಾಸನೆ, ಒಂದು ಹೆಜ್ಜೆ ಸಪ್ಪಳ, ಒಂದು ಬಾಗಿಲು. ವರ್ಷಗಳು ಕಳೆದರೂ ನಿದ್ದೆ ಕೆಡುವುದು, ಬೆಚ್ಚಿಬೀಳುವುದು, ಯಾರನ್ನೂ ನಂಬಲಾಗದಿರುವುದು, 'ತಪ್ಪು ನನ್ನದೇ' ಎನ್ನಿಸುವುದು ಉಳಿಯುತ್ತವೆ. ಇಡೀ ಕಥೆ ಬರೆಯಲು ಕೂತರೆ ಕೈ ನಡುಗುತ್ತದೆ. ಆದರೆ ಒಂದು ಚೂರನ್ನು ಹಿಡಿಯಲು ನಾಲ್ಕು ಸಾಲು ಸಾಕು. ಸರ್ವಜ್ಞನಿಗೆ ಮೂರು ಸಾಲು ಸಾಕಾಗಿತ್ತು, ದಿನಕರ ದೇಸಾಯಿಯವರ ಚುಟುಕಕ್ಕೆ ನಾಲ್ಕು. ಮನೆಯಲ್ಲಿ ಉರ್ದು ಆಡುವವರಿಗೆ ಎರಡೇ ಸಾಲಿನ ಶೇರ್ ಗೊತ್ತೇ ಇದೆ. ಮೊದಲು ಯಾವ ಭಾಷೆಯಲ್ಲಿ ಬರುತ್ತದೋ ಅದರಲ್ಲೇ ಬರೆಯಿರಿ.

ಈ ಲೇಖನಕ್ಕೆಂದೇ ಬರೆದ ಒಂದು ಉದಾಹರಣೆ:

ಬಾಗಿಲ ಚಿಲಕ ಸದ್ದಾದರೆ
ಇಂದಿಗೂ ಎದೆ ನಡುಗುತ್ತದೆ.
ಚಿಲಕಕ್ಕೆ ತುಕ್ಕು ಹಿಡಿಯಿತು,
ಭಯಕ್ಕೆ ಇನ್ನೂ ಏಳೇ ವರ್ಷ.

ಏನಾಯಿತು, ಯಾರು ಮಾಡಿದರು ಎಂಬುದು ಇಲ್ಲಿಲ್ಲ. ಇರುವುದು ಒಂದು ವಸ್ತು, ಒಂದು ಸದ್ದು ಮತ್ತು ಕೊನೆಯ ಸಾಲಿನ ತಿರುವು. ಎಷ್ಟು ಹೇಳಬೇಕು ಎಂಬ ತೀರ್ಮಾನ ಬರೆಯುವವರದೇ. ಅಂದು ಕೈತಪ್ಪಿದ ಹಿಡಿತದಲ್ಲಿ ಸ್ವಲ್ಪ ಭಾಗ ಇಲ್ಲಿ ಮರಳಿ ಸಿಗುತ್ತದೆ.

ಅಮೆರಿಕದ ಕವಿ ಮಾಯಾ ಏಂಜೆಲೋ ಬಾಲ್ಯದಲ್ಲಿ ಅತ್ಯಾಚಾರಕ್ಕೆ ಒಳಗಾಗಿ, ಸುಮಾರು ಐದು ವರ್ಷ ಮಾತನ್ನೇ ಬಿಟ್ಟಿದ್ದರು. ದೌರ್ಜನ್ಯ ಎಸಗಿದವನು ಕೊಲೆಯಾದಾಗ, ತಾನು ಅವನ ಹೆಸರು ಹೇಳಿದ್ದೇ ಕಾರಣ ಎಂದು ಆ ಮಗು ನಂಬಿತ್ತು. ಕವಿತೆಯನ್ನು ಗಟ್ಟಿಯಾಗಿ ಓದಬೇಕೆಂದು ಒಬ್ಬ ಹಿರಿಯ ಮಹಿಳೆ ಹುರಿದುಂಬಿಸಿದ್ದು ಅವರನ್ನು ಮಾತಿಗೆ ಮರಳಿಸಿತು. 1969ರಲ್ಲಿ ಬಂದ ಆತ್ಮಕಥೆಯಲ್ಲಿ ಅವರು ಇದನ್ನೆಲ್ಲ ಬರೆದಿದ್ದಾರೆ.

ಬರೆಯುವಾಗ

ಬರೆದೊಡನೆ ಮನಸ್ಸು ಹಗುರಾಗುತ್ತದೆ ಎಂದು ಕಾಯಬೇಡಿ. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಕಹಿ ಅನುಭವ ಬರೆದರು. ಬರೆದ ತಕ್ಷಣ ಅವರ ಬೇಸರ ಹೆಚ್ಚಿತ್ತು. ಆದರೆ ಘಟನೆಯ ಜೊತೆಗೆ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಹಾಗಾಗಿ ಹೊತ್ತು ಗೊತ್ತುಮಾಡಿಕೊಂಡು ಬರೆಯಿರಿ. ಉಸಿರು ಕಟ್ಟಿದಂತಾದರೆ ಪೆನ್ನು ಕೆಳಗಿಡಿ. ನೀರು ಕುಡಿಯಿರಿ, ಗೆಳೆಯರೊಂದಿಗೆ ಕೆರೆಯ ಕಡೆ ನಡೆದು ಬನ್ನಿ. ಬರೆದದ್ದನ್ನು ಇಟ್ಟುಕೊಳ್ಳಬಹುದು, ಹರಿದು ಹಾಕಲೂಬಹುದು. ಪ್ರಕಟಿಸಲೇಬೇಕೆಂದಿಲ್ಲ.

ಓದುವವರಿಗೆ, ಅಧ್ಯಾಪಕರಿಗೆ

ಇಂಥ ಕವಿತೆ ಕೈಗೆ ಬಂದರೆ ಎಲ್ಲರೆದುರು 'ಇದು ನಿನ್ನದೇ ಕಥೆಯಾ?' ಎಂದು ಕೇಳಬೇಡಿ. ಛಂದಸ್ಸು ತಿದ್ದುವುದಕ್ಕೂ ಇದು ಸಮಯವಲ್ಲ. ಒಬ್ಬರೇ ಇರುವಾಗ 'ಓದಿದೆ, ಮಾತಾಡಬೇಕೆನ್ನಿಸಿದರೆ ಇದ್ದೇನೆ' ಎಂದರೆ ಸಾಕು. 'ಯಾರಿಗೂ ಹೇಳುವುದಿಲ್ಲ' ಎಂದು ಮಾತ್ರ ಭಾಷೆ ಕೊಡಬೇಡಿ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ, 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಈ ಮಾತನ್ನು ವಿದ್ಯಾರ್ಥಿಗೆ ಮೊದಲೇ ಹೇಳುವುದು ಪ್ರಾಮಾಣಿಕತೆ. ಮಗುವಿನ ಗುರುತನ್ನು ಪತ್ರಿಕೆಗಳು ಬಹಿರಂಗಪಡಿಸದಂತೆಯೂ ಇದೇ ಕಾಯ್ದೆ ತಡೆಯುತ್ತದೆ.

ಕವಿತೆ ಚಿಕಿತ್ಸೆಯ ಜಾಗ ತುಂಬುವುದಿಲ್ಲ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡೂ ಉಚಿತ. ನಮ್ಮ ಊರಲ್ಲೇ ನಿಮ್ಹಾನ್ಸ್ ಇದೆ.

'ಹೇಳಿದರೆ ಮನೆಯ ಇಜ್ಜತ್ ಹೋಗುತ್ತದೆ' ಎನ್ನುವವರು ಎಲ್ಲ ಮನೆಗಳಲ್ಲೂ ಇದ್ದಾರೆ. ಇಜ್ಜತ್ ಹೋಗಬೇಕಾದದ್ದು ಮಾಡಿದವನದು, ಅನುಭವಿಸಿದ ಮಗುವಿನದಲ್ಲ. ಆ ಮಗು ನೀವೇ ಆಗಿದ್ದರೆ, ಬರೆಯಲು ಏನೂ ತೋಚದ ದಿನ ಈ ಒಂದು ಮಾತನ್ನೇ ನೋಟ್‌ಬುಕ್ಕಿನ ಮೊದಲ ಸಾಲಾಗಿ ಬರೆದುಕೊಳ್ಳಿ.