ವಿಳಂಬದ ಮೂಲವನ್ನರಸುತ್ತ: ಕಾರವಾರ–ಅಂಕೋಲೆಯ ಆರೋಗ್ಯಸೇವೆಯ ಒಂದು ಪರಿಶೀಲನೆ

“ಇನ್ನೊಂದು ಗಂಟೆ ಮೊದಲು ಬಂದಿದ್ದರೆ ಉಳಿಸಬಹುದಿತ್ತು” ಎಂಬುದು ಆಸ್ಪತ್ರೆಗಳ ಪಡಸಾಲೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು. ಆ ಒಂದು ಗಂಟೆ ಎಲ್ಲಿ ಕಳೆದುಹೋಯಿತು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳುವುದು ಅಪರೂಪ. ದೂರ, ದಾರಿ, ವೈದ್ಯರ ಕೊರತೆ ಎಂಬ ಸಿದ್ಧ ಉತ್ತರಗಳು ನಮ್ಮಲ್ಲಿವೆ. ಇವು ಸುಳ್ಳಲ್ಲವಾದರೂ ಪೂರ್ಣ ಸತ್ಯವೂ ಅಲ್ಲ. ಕಾರವಾರ ಮತ್ತು ಅಂಕೋಲೆ ತಾಲ್ಲೂಕುಗಳನ್ನು ನಿದರ್ಶನವಾಗಿಟ್ಟುಕೊಂಡು, ತುರ್ತು ಚಿಕಿತ್ಸೆಯಲ್ಲಿ ಆಗುವ ವಿಳಂಬದ ಮೂಲಕಾರಣವನ್ನು ಗುರುತಿಸುವ ಕ್ರಮ ಯಾವುದು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಮಸ್ಯೆಯ ಸ್ವರೂಪ

ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ, ನಡುವೆ ಕಾಳಿ ಮತ್ತು ಗಂಗಾವಳಿ ನದಿಗಳು. ಇಂತಹ ಇಕ್ಕಟ್ಟಿನ ನೆಲದಲ್ಲಿ ಕಾರವಾರ ಮತ್ತು ಅಂಕೋಲೆ ಪಟ್ಟಣಗಳು ಸುಮಾರು 35 ಕಿ.ಮೀ. ಅಂತರದಲ್ಲಿವೆ. ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆಯೊಂದಿಗೆ ಕೂಡಿಕೊಂಡ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಅಂಕೋಲೆಯಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಆದರೂ ತಲೆಗೆ ಬಿದ್ದ ತೀವ್ರ ಪೆಟ್ಟು, ಹೃದಯಾಘಾತ, ಪಾರ್ಶ್ವವಾಯು ಮುಂತಾದ ಸಂದರ್ಭಗಳಲ್ಲಿ ರೋಗಿಗಳನ್ನು ದಕ್ಷಿಣಕ್ಕೆ ಮಣಿಪಾಲ–ಮಂಗಳೂರಿಗೆ, ಪೂರ್ವಕ್ಕೆ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ, ಉತ್ತರಕ್ಕೆ ಗೋವೆಗೆ ಒಯ್ಯುವುದು ರೂಢಿಯಾಗಿದೆ.

ಈ ಅವಲಂಬನೆ ಸಾರ್ವಜನಿಕರ ಗಮನಕ್ಕೆ ಬಂದ ಎರಡು ಸಂದರ್ಭಗಳನ್ನು ಇಲ್ಲಿ ಸ್ಮರಿಸಬಹುದು. 2021ರ ಜನವರಿ 11ರಂದು ಅಂಕೋಲೆ ತಾಲ್ಲೂಕಿನಲ್ಲಿ ಸಂಭವಿಸಿದ ಅಪಘಾತದಲ್ಲಿ, ಆಗ ಆಯುಷ್ ಖಾತೆಯ ಕೇಂದ್ರ ಸಚಿವರಾಗಿದ್ದ ಶ್ರೀಪಾದ ನಾಯಕ್ ತೀವ್ರವಾಗಿ ಗಾಯಗೊಂಡರು. ಅವರ ಪತ್ನಿ ಮತ್ತು ಆಪ್ತ ಸಹಾಯಕರು ಮೃತಪಟ್ಟರು. ಸಚಿವರನ್ನು ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸಾಗಿಸಲಾಯಿತು. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರದ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್, ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಅಸುನೀಗಿದರು. ಜಿಲ್ಲೆಗೊಂದು ಸುಸಜ್ಜಿತ ಬಹುವಿಶೇಷ ಆಸ್ಪತ್ರೆ ಬೇಕೆಂಬ ಬೇಡಿಕೆ ಆ ಬಳಿಕ ದೊಡ್ಡ ಜನದನಿಯಾಯಿತು. ಬೇಡಿಕೆ ನ್ಯಾಯವಾದುದೇ. ಆದರೆ ಕಟ್ಟಡವೊಂದರಿಂದಲೇ ವಿಳಂಬ ನೀಗುವುದೇ ಎಂಬುದು ಪ್ರತ್ಯೇಕವಾಗಿ ಪರಿಶೀಲಿಸಬೇಕಾದ ಪ್ರಶ್ನೆ.

ಮೂರು ವಿಳಂಬಗಳು

ಹೆರಿಗೆಯ ಸಂದರ್ಭದ ತಾಯಂದಿರ ಮರಣವನ್ನು ಕುರಿತು ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ ಎಂಬ ವಿದ್ವಾಂಸರು 1994ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಬಹುಮಾನ್ಯವಾದುದು. ಅವರು ವಿಳಂಬವನ್ನು ಮೂರಾಗಿ ವಿಂಗಡಿಸಿದರು: ಚಿಕಿತ್ಸೆ ಪಡೆಯಬೇಕೆಂದು ನಿರ್ಧರಿಸುವಲ್ಲಿ ಆಗುವ ವಿಳಂಬ, ಆಸ್ಪತ್ರೆಯನ್ನು ತಲುಪುವಲ್ಲಿ ಆಗುವ ವಿಳಂಬ, ತಲುಪಿದ ಮೇಲೆ ಸೂಕ್ತ ಚಿಕಿತ್ಸೆ ದೊರೆಯುವಲ್ಲಿ ಆಗುವ ವಿಳಂಬ. ಇವು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದು ಗಮನಾರ್ಹ. ಆಸ್ಪತ್ರೆಯಲ್ಲಿ ಹಿಂದೊಮ್ಮೆ ಕಾದು ಬೇಸತ್ತ ಕುಟುಂಬ ಮುಂದಿನ ಸಲ ಮನೆಯಿಂದ ಹೊರಡಲು ಹಿಂದೆಮುಂದೆ ನೋಡುತ್ತದೆ. ಹೀಗೆ ಮೂರನೆಯ ವಿಳಂಬವೇ ಮೊದಲನೆಯದಕ್ಕೆ ಕಾರಣವಾಗುತ್ತದೆ. ಮನೆಯಲ್ಲಿ ತಡಮಾಡುವುದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕಲಾಗದು.

ಒಂದು ಕಲ್ಪಿತ ನಿದರ್ಶನ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಪ್ರಕರಣವನ್ನು ತೆಗೆದುಕೊಳ್ಳೋಣ. ಅಂಕೋಲೆಯ ಘಟ್ಟದಂಚಿನ ಹಳ್ಳಿಯೊಂದರಲ್ಲಿ ಹಿರಿಯರೊಬ್ಬರು ಬೆಳಿಗ್ಗೆ 5 ಗಂಟೆಗೆ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿರುವಾಗ ಬಲಗೈ ಸೋತು, ಮಾತು ತೊದಲುತ್ತದೆ. ಇದು ಪಾರ್ಶ್ವವಾಯು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ಮಿದುಳಿನಲ್ಲಿ ರಕ್ತಸ್ರಾವವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಂದರೆ ಗಡುವು 9.30.

ಮನೆಯವರು ‘ಸ್ವಲ್ಪ ನೋಡೋಣ’ ಎಂದು ಕಾದು 7 ಗಂಟೆಗೆ ಹೊರಡಲು ನಿರ್ಧರಿಸುತ್ತಾರೆ. ವಾಹನ ಸಿಗುವಾಗ 7.45. ತಾಲ್ಲೂಕು ಆಸ್ಪತ್ರೆ ತಲುಪುವಾಗ 8.45. ಪರೀಕ್ಷೆ ಮುಗಿದು ‘ಕಾರವಾರಕ್ಕೆ ಒಯ್ಯಿರಿ’ ಎಂಬ ಚೀಟಿ ಕೈಸೇರುವಾಗ 9.30. ಆಂಬುಲೆನ್ಸ್ ಹೊರಡುವಾಗ 10. ಕಾರವಾರದಲ್ಲಿ 10.50. ದಾಖಲಾತಿ ಮುಗಿದು ಸ್ಕ್ಯಾನ್ ಆಗುವಾಗ 11.30.

ಒಟ್ಟು 390 ನಿಮಿಷಗಳು. ಇದರಲ್ಲಿ ವಾಹನದ ಚಕ್ರ ಉರುಳಿದ್ದು 110 ನಿಮಿಷ ಮಾತ್ರ, ಎಂದರೆ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಉಳಿದ 280 ನಿಮಿಷಗಳಲ್ಲಿ ಮನೆಯಲ್ಲಿ 120, ವಾಹನಕ್ಕಾಗಿ 45, ತಾಲ್ಲೂಕು ಆಸ್ಪತ್ರೆಯಲ್ಲಿ 45, ಮತ್ತೆ ವಾಹನಕ್ಕಾಗಿ 30, ಕಾರವಾರದಲ್ಲಿ 40 ನಿಮಿಷ ಕಳೆದವು. ರಸ್ತೆಯನ್ನು ಎಷ್ಟೇ ಅಗಲಗೊಳಿಸಿದರೂ ಈ 280 ನಿಮಿಷಗಳು ಕರಗುವುದಿಲ್ಲ. ಪಾರ್ಶ್ವವಾಯುವಿನಲ್ಲಿ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬ ವೈದ್ಯಕೀಯ ಅಂದಾಜನ್ನು ನೆನೆದರೆ ಈ ಲೆಕ್ಕದ ಗಾಂಭೀರ್ಯ ಮನವರಿಕೆಯಾದೀತು.

‘ಏಕೆ’ ಎಂಬ ಮರುಪ್ರಶ್ನೆ

ಮೂಲಕಾರಣವನ್ನು ಶೋಧಿಸಲು ಕೈಗಾರಿಕಾ ಕ್ಷೇತ್ರದಿಂದ ಬಂದ ಎರಡು ಸರಳ ಉಪಕರಣಗಳಿವೆ. ಜಪಾನಿನ ಕೌರು ಇಶಿಕಾವಾ ಪ್ರಚಾರಕ್ಕೆ ತಂದ ರೇಖಾಚಿತ್ರ ಮೀನಿನ ಎಲುಬುಗೂಡನ್ನು ಹೋಲುತ್ತದೆ. ತಲೆಯ ಜಾಗದಲ್ಲಿ ಸಮಸ್ಯೆಯನ್ನೂ, ಬೆನ್ನೆಲುಬಿನಿಂದ ಕವಲೊಡೆದ ಮುಳ್ಳುಗಳಲ್ಲಿ ಸಿಬ್ಬಂದಿ, ಸಲಕರಣೆ, ವಿಧಾನ, ಪರಿಸರ ಮೊದಲಾದ ಕಾರಣಗಳನ್ನೂ ಬರೆಯಲಾಗುತ್ತದೆ. ಬಂಗಡೆ ತಿಂದು ಬಲ್ಲ ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಇನ್ನೊಂದು, ಟೊಯೊಟಾ ಕಾರ್ಖಾನೆಯಲ್ಲಿ ರೂಢಿಗೊಂಡ ‘ಐದು ಸಲ ಏಕೆ’ ಎಂದು ಕೇಳುವ ಕ್ರಮ.

ಮೇಲಿನ ಪ್ರಕರಣಕ್ಕೆ ಇದನ್ನು ಅನ್ವಯಿಸೋಣ. ಕಾರವಾರದಲ್ಲಿ ಸ್ಕ್ಯಾನಿಗೆ 40 ನಿಮಿಷ ಏಕೆ? ರೋಗಿ ಬರುವುದು ಅಲ್ಲಿ ಮೊದಲೇ ತಿಳಿದಿರಲಿಲ್ಲ. ಏಕೆ ತಿಳಿದಿರಲಿಲ್ಲ? ಅಂಕೋಲೆಯಿಂದ ಯಾರೂ ದೂರವಾಣಿ ಮಾಡಲಿಲ್ಲ. ಏಕೆ? ಅದು ಇಂಥವರ ಕೆಲಸವೆಂದು ನಿಗದಿಯಾಗಿಲ್ಲ. ಏಕೆ? ಚೀಟಿ ಬರೆದುಕೊಟ್ಟರೆ ತಮ್ಮ ಜವಾಬ್ದಾರಿ ಮುಗಿಯಿತೆಂಬ ಭಾವನೆಯಿದೆ. ಅದಾದರೂ ಏಕೆ? ಪ್ರತಿಯೊಂದು ಸಂಸ್ಥೆಯ ದಫ್ತರಿನಲ್ಲಿ ಆ ಸಂಸ್ಥೆಯೊಳಗಿನ ಸಮಯ ಮಾತ್ರ ದಾಖಲಾಗುತ್ತದೆ. ಮನೆಯಿಂದ ಸ್ಕ್ಯಾನಿನವರೆಗಿನ 390 ನಿಮಿಷಗಳನ್ನು ಕೂಡಿಸಿ ನೋಡುವವರು ಯಾರೂ ಇಲ್ಲ.

ಇಲ್ಲಿಯೇ ಮೂಲಕಾರಣ ಗೋಚರಿಸುತ್ತದೆ: ರೋಗಿಯ ಇಡೀ ಸಮಯಕ್ಕೆ ಒಡೆಯರಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ರೋಗಿ ದಾಟುವ ಸಂಧಿಗಳಲ್ಲಿ ಸಮಯ ಸೋರಿಹೋಗುತ್ತದೆ. ಪಾಳಿಯಲ್ಲಿದ್ದ ಶುಶ್ರೂಷಕಿಯನ್ನೋ ಕಿರಿಯ ವೈದ್ಯರನ್ನೋ ದೂಷಿಸುವಲ್ಲಿಗೆ ನಿಲ್ಲುವ ವಿಚಾರಣೆ ಈ ಮೂಲವನ್ನು ಎಂದಿಗೂ ತಲುಪದು. ನಾಳೆ ಆ ಸ್ಥಾನದಲ್ಲಿ ಇನ್ನೊಬ್ಬರು ನಿಂತರೂ ವಿಳಂಬ ಹಾಗೆಯೇ ಉಳಿಯುತ್ತದೆ.

ಸರದಿಯ ಗಣಿತ

ಸಂಧಿಗಳಲ್ಲಿ ಸೋರುವ ಸಮಯದ ಜೊತೆಗೆ ಸರದಿಯಲ್ಲಿ ಕಾಯುವ ಸಮಯವೂ ಸೇರುತ್ತದೆ. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಎ. ಕೆ. ಅರ್ಲಾಂಗ್ 1909ರಲ್ಲಿ ಬುನಾದಿ ಹಾಕಿದ ಸರದಿ ಸಿದ್ಧಾಂತ ಇದನ್ನು ಅರಿಯಲು ನೆರವಾಗುತ್ತದೆ. ಒಬ್ಬರೇ ತಜ್ಞರಿದ್ದು, ರೋಗಿಯೊಬ್ಬರಿಗೆ ಸರಾಸರಿ 10 ನಿಮಿಷ ಬೇಕೆಂದು ಇಟ್ಟುಕೊಳ್ಳೋಣ. ರೋಗಿಗಳು ನಿಯತಕಾಲವಿಲ್ಲದೆ ಬರುತ್ತಿದ್ದರೆ, ತಜ್ಞರ ವೇಳೆಯ ಶೇ. 80 ಭಾಗ ತುಂಬಿದಾಗ ಸರಾಸರಿ ಕಾಯುವಿಕೆ 40 ನಿಮಿಷ, ಶೇ. 90 ತುಂಬಿದಾಗ 90 ನಿಮಿಷ, ಶೇ. 95 ಆದಾಗ 190 ನಿಮಿಷ. ಕೆಲಸ ತುಸುವೇ ಹೆಚ್ಚಿದರೂ ಕಾಯುವಿಕೆ ಹಲವು ಪಟ್ಟು ಬೆಳೆಯುತ್ತದೆ. ಆದುದರಿಂದ ಮಂಜೂರಾದ ಒಂದು ಹುದ್ದೆ ಖಾಲಿ ಉಳಿಯುವುದೆಂದರೆ ಒಬ್ಬರ ಕೆಲಸ ನಿಂತಂತೆ ಮಾತ್ರವಲ್ಲ, ಇಡೀ ಸರದಿಯೇ ಕಟ್ಟಿಕೊಂಡಂತೆ. ಅರಿವಳಿಕೆ ತಜ್ಞರೊಬ್ಬರು ಇಲ್ಲದಿದ್ದರೆ ಶಸ್ತ್ರವೈದ್ಯರೂ ಪ್ರಸೂತಿ ತಜ್ಞರೂ ಇದ್ದೂ ಇಲ್ಲದಂತಾಗುತ್ತಾರೆ.

ದಾರಿ ತುಂಡಾದಾಗ

ದೂರದ ಆಸ್ಪತ್ರೆಯನ್ನೇ ನೆಚ್ಚಿದ ವ್ಯವಸ್ಥೆಯ ಅಪಾಯವನ್ನು ಇತ್ತೀಚಿನ ಮಳೆಗಾಲಗಳು ತೋರಿಸಿಕೊಟ್ಟಿವೆ. 2021ರ ಜುಲೈಯಲ್ಲಿ ಅರಬೈಲ್ ಘಟ್ಟದಲ್ಲಿ ಮಣ್ಣು ಕುಸಿದು ಹುಬ್ಬಳ್ಳಿಯ ದಾರಿ ಕಡಿಯಿತು. 2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ (ಇದು ಬೈಂದೂರಿನ ಶಿರೂರಲ್ಲ) ಗುಡ್ಡ ಕುಸಿದು, ಜೀವಹಾನಿಯೊಂದಿಗೆ ಕುಮಟೆಯ ಕಡೆಯ ಹೆದ್ದಾರಿಯೂ ಬಹುದಿನ ಮುಚ್ಚಿತು. ಅದೇ ವರ್ಷ ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು; ಅದು ಗೋವೆಯ ಮಾರ್ಗದ ಸೇತುವೆ. ಪೂರ್ವ, ದಕ್ಷಿಣ, ಉತ್ತರ ಹೀಗೆ ಮೂರೂ ಬಾಗಿಲುಗಳು ನಾಲ್ಕು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಪೆಟ್ಟು ತಿಂದವು. ಇಂತಹ ಭೂಪ್ರದೇಶದಲ್ಲಿ ಸ್ಥಳೀಯ ಚಿಕಿತ್ಸಾ ಸಾಮರ್ಥ್ಯ ಅನಿವಾರ್ಯ.

ಪರಿಹಾರದ ದಿಕ್ಕು

2008ರಲ್ಲಿ ಆರಂಭವಾದ 108 ಸೇವೆ ರಾಜ್ಯದಲ್ಲಿ ಎರಡನೆಯ ವಿಳಂಬವನ್ನು ಗುರಿಯಾಗಿಸಿಕೊಂಡಿತು. ಮೂರನೆಯದನ್ನು ಗುರಿಯಾಗಿಸಿಕೊಂಡ ಉತ್ತಮ ಮಾದರಿ, 2023ರಲ್ಲಿ ಪುನೀತ್ ರಾಜಕುಮಾರ್ ಅವರ ಹೆಸರಿನಲ್ಲಿ ಆರಂಭವಾದ ‘ಹೃದಯ ಜ್ಯೋತಿ’ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ತಜ್ಞರು ಕೂಡಲೇ ಪರಿಶೀಲಿಸುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಇಲ್ಲಿ ದಾರಿ ಒಂದು ಮಾರೂ ಕಡಿಮೆಯಾಗಿಲ್ಲ, ಕಾಯುವಿಕೆ ಕಡಿಮೆಯಾಗಿದೆ.

ಇದೇ ತತ್ತ್ವವನ್ನು ಇತರ ತುರ್ತುಗಳಿಗೂ ವಿಸ್ತರಿಸಬಹುದು. ವೈದ್ಯರು ರೋಗಿಯನ್ನು ಪರೀಕ್ಷಿಸುತ್ತಿರುವಾಗಲೇ ವಾಹನ ಸಿದ್ಧವಾಗಲಿ. ಚೀಟಿ ಬರೆಯುವಾಗಲೇ ಮುಂದಿನ ಆಸ್ಪತ್ರೆಗೆ ಕರೆ ಹೋಗಲಿ. ಒಂದಾದ ಮೇಲೊಂದು ನಡೆಯುವ ಕೆಲಸಗಳು ಜೊತೆಜೊತೆಗೆ ನಡೆದರೆ ಖರ್ಚಿಲ್ಲದೆ ಅರ್ಧ ಗಂಟೆ ಉಳಿಯುತ್ತದೆ. ಮನೆಯ ಹಂತದಲ್ಲಿ ಸ್ಥಳೀಯ ನಂಬಿಕೆಯನ್ನು ಎದುರು ಹಾಕಿಕೊಳ್ಳುವುದರ ಬದಲು ಜೊತೆಗೂಡಿಸಿಕೊಳ್ಳುವುದು ಲೇಸು. ಅಂಕೋಲೆಯ ಬೆಳಂಬಾರ ಪಾರ್ಶ್ವವಾಯುವಿನ ನಾಟಿ ಔಷಧಕ್ಕೆ ಹೆಸರಾದ ಊರು. ‘ಮೊದಲ ಗಂಟೆಗಳಲ್ಲಿ ಆಸ್ಪತ್ರೆ, ಬೇರೆಯದೆಲ್ಲ ಆಮೇಲೆ’ ಎಂಬ ಮಾತು ಜನ ನಂಬುವವರ ಬಾಯಿಂದಲೇ ಬಂದರೆ ಅದಕ್ಕೆ ಹೆಚ್ಚಿನ ತೂಕವಿರುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ರೋಗಿಯೊಂದಿಗೆ ಸಾಗುವ ಒಂದು ಸಮಯಪತ್ರ ಬೇಕು. ಲಕ್ಷಣ ಕಂಡ ವೇಳೆ, ಕರೆ ಮಾಡಿದ ವೇಳೆ, ತಲುಪಿದ ವೇಳೆ, ಹೊರಟ ವೇಳೆ, ಚಿಕಿತ್ಸೆ ಆರಂಭವಾದ ವೇಳೆ ಎಂಬ ಐದಾರು ಅಂಕಣಗಳ ಒಂದೇ ಹಾಳೆ ಸಾಕು. ಜಿಲ್ಲಾ ಮಟ್ಟದಲ್ಲಿ ಒಬ್ಬ ಅಧಿಕಾರಿ ಪ್ರತಿ ತಿಂಗಳು ಈ ಹಾಳೆಗಳನ್ನು ಕೂಡಿಸಿ ನೋಡಿದರೆ ಯಾವ ಸಂಧಿಯಲ್ಲಿ ಸಮಯ ಸೋರುತ್ತಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಒಟ್ಟಾರೆ ಹೇಳುವುದಾದರೆ, ಕಾರವಾರ–ಅಂಕೋಲೆಯ ಜನರಿಗೆ ದೊಡ್ಡ ಆಸ್ಪತ್ರೆಯೂ ಬೇಕು, ತಜ್ಞರೂ ಬೇಕು. ಆದರೆ ಆಸ್ಪತ್ರೆ ಎಷ್ಟೇ ದೊಡ್ಡದಾದರೂ ಅದರ ಗಡಿಯಾರ ಓಡಲಾರಂಭಿಸುವುದು ರೋಗಿ ಅದರ ಬಾಗಿಲಿಗೆ ಬಂದ ಮೇಲೆ. ರೋಗಿಯ ಗಡಿಯಾರ ಮನೆಯ ಬಚ್ಚಲಿನಲ್ಲಿಯೇ ಓಡಲು ಶುರುವಾಗಿರುತ್ತದೆ. ಈ ಎರಡು ಗಡಿಯಾರಗಳನ್ನು ಒಂದುಗೂಡಿಸುವುದೇ ವಿಳಂಬ ನಿವಾರಣೆಯ ಮೊದಲ ಹೆಜ್ಜೆ.