ಬುಟ್ಟಿಯ ಕಣ್ಣಿನಲ್ಲಿ ಸಿಕ್ಕಿದ ಕಾಂತಗಳು

ಮಂಡ್ಯ, ಮದ್ದೂರು, ಮಳವಳ್ಳಿಗಳ ಸಂತೆಯಲ್ಲಿ ಬಿದಿರುಬುಟ್ಟಿಗಳನ್ನು ನೋಡದವರುಂಟೆ? ಆರು ಮೂಲೆಯ ಕಣ್ಣು ಬಿಟ್ಟು, ಸುತ್ತಲೂ ತ್ರಿಕೋನಗಳು ಬರುವಂತೆ ಹೆಣೆಯುವ ಬಗೆಯೊಂದಿದೆ. ಜಪಾನೀಯರು ಅದನ್ನು ಕಾಗೊಮೆ ಎನ್ನುತ್ತಾರೆ. ಹರ್ಬರ್ಟ್‌ಸ್ಮಿಥೈಟ್ ಎಂಬ ಹಸಿರು ಖನಿಜದ ಪದರಗಳಲ್ಲಿ ತಾಮ್ರದ ಅಯಾನುಗಳು ಇದೇ ವಿನ್ಯಾಸದಲ್ಲಿವೆ. ಪ್ರತಿಯೊಂದೂ ಪುಟ್ಟ ಕಾಂತ. ನೆರೆಯದಕ್ಕೆ ವಿರುದ್ಧಮುಖವಾಗಿ ನಿಲ್ಲಬಯಸುತ್ತದೆ. ತ್ರಿಕೋನದಲ್ಲಿ ಎರಡು ಎದುರುಬದುರಾದರೆ ಮೂರನೆಯದು ಯಾವುದಕ್ಕೆ ಎದುರಾಗಬೇಕು?

ವಸ್ತುವನ್ನು ಕಾಂತಕ್ಷೇತ್ರದಲ್ಲಿರಿಸಿದಾಗ ಅದು ಎಷ್ಟು ಸುಲಭವಾಗಿ ಕಾಂತತ್ವವನ್ನು ತಳೆಯುತ್ತದೆಂಬುದರ ಅಳತೆಯೇ ಕಾಂತಪ್ರವೃತ್ತಿ. ಅದರ ವ್ಯುತ್ಕ್ರಮವನ್ನು ಉಷ್ಣತೆಯೊಡನೆ ಆಲೇಖಿಸಿದರೆ ಹೆಚ್ಚಿನ ಉಷ್ಣತೆಗಳಲ್ಲಿ ಸರಳರೇಖೆ ಬರುತ್ತದೆ. 2007ರಲ್ಲಿ ಪ್ರಕಟವಾದ ಅಳತೆಗಳಲ್ಲಿ ಆ ರೇಖೆಯನ್ನು ಹಿಂದಕ್ಕೆ ಎಳೆದಾಗ ಅದು ಸುಮಾರು ಋಣ 300 ಕೆಲ್ವಿನ್‌ನಲ್ಲಿ ಅಕ್ಷವನ್ನು ಮುಟ್ಟಿತು. ಋಣಚಿಹ್ನೆ ವಿರೋಧವನ್ನೂ, ಅಂಕಿ ಅದರ ಬಲವನ್ನೂ ಸೂಚಿಸುತ್ತದೆ. ಇಷ್ಟು ಬಲವಿದ್ದರೂ 0.05 ಕೆಲ್ವಿನ್‌ವರೆಗೆ ತಂಪುಮಾಡಿದಾಗಲೂ ಕಾಂತಗಳು ಸಾಲುಗಟ್ಟಲಿಲ್ಲ!

ಇಲ್ಲಿಯೇ ನಾವು ಎಡವುವುದು. ತೀರ ತಂಪಿನಲ್ಲಿ ಕಾಂತಪ್ರವೃತ್ತಿ ಕಡಿದಾಗಿ ಏರುತ್ತದೆ. ಏರಿದ ರೇಖೆಯನ್ನು ಕಂಡೊಡನೆ ಹೊಸ ನಿಯಮ ದೊರೆಯಿತೆಂದು ಹಿಗ್ಗುವವರುಂಟು. ಆದರೆ ಸತುವಿನ ಸ್ಥಾನಗಳಿಗೆ ನುಸುಳಿದ ಬಿಡಿ ತಾಮ್ರವೇ ಬಹುಮಟ್ಟಿಗೆ ಅದಕ್ಕೆ ಕಾರಣ. ಆಮ್ಲಜನಕದ ಪರಮಾಣುಬೀಜಗಳ ಕಾಂತಾನುರಣನವನ್ನು ಅಳೆದಾಗ ಪದರದ ತಾಮ್ರದ ಮಾತು ಬೇರೆಯಾಗಿ ಕೇಳಿತು: ಅದರ ಕಾಂತಪ್ರವೃತ್ತಿ ತಂಪಿನಲ್ಲಿ ಏರುವುದಿಲ್ಲ, ಇಳಿಯುತ್ತದೆ.