ಇ-ಮೇಲಿನ ಪ್ರಾಮಾಣ್ಯನಿಯಮಗಳೂ ಮೇಲಿಂಗ್ ಲಿಸ್ಟುಗಳೂ

ಇ-ಮೇಲಿನ ವಿನಿಮಯಕ್ಕೆ ಆಧಾರವಾದ ಎಸ್.ಎಂ.ಟಿ.ಪಿ. ಎಂಬ ನಿಯಮಾವಳಿಯನ್ನು ಜಾನ್ ಪೋಸ್ಟೆಲ್ ಅವರು 1982ರಲ್ಲಿ ನಿರೂಪಿಸಿದರು. ಪತ್ರವನ್ನು ಒಂದು ಸರ್ವರಿನಿಂದ ಮತ್ತೊಂದಕ್ಕೆ ತಲುಪಿಸುವ ಕ್ರಮವೇನೋ ಅದರಲ್ಲಿ ಸಾಂಗವಾಗಿ ಉಕ್ತವಾಗಿದೆ. ಆದರೆ ಪತ್ರದ ಮೇಲೆ ಕಾಣುವ ಪ್ರೇಷಕರ ಹೆಸರು ನಿಜವೇ ಎಂಬುದನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿರಲಿಲ್ಲ. ಈ ನ್ಯೂನತೆಯನ್ನು ಪರಿಹರಿಸಲು ಮುಂದೆ ರಚಿತವಾದ ನಿಯಮಗಳು ವಂಚಕರನ್ನು ತಡೆಯುವುದರ ಜೊತೆಗೆ, ಪ್ರಾಮಾಣಿಕವಾದ ಒಂದು ವ್ಯವಸ್ಥೆಗೂ ತೊಡಕನ್ನುಂಟುಮಾಡಿವೆ. ಈ ತೊಡಕಿನ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಲುದ್ದೇಶಿಸಿದ್ದೇವೆ.

ಆ ವ್ಯವಸ್ಥೆಯೇ ಮೇಲಿಂಗ್ ಲಿಸ್ಟ್. ಸದಸ್ಯರಲ್ಲೊಬ್ಬರು ಒಂದೇ ವಿಳಾಸಕ್ಕೆ ಬರೆದ ಪತ್ರವನ್ನು ಅದು ಉಳಿದ ಸದಸ್ಯರೆಲ್ಲರಿಗೂ ಹಂಚುತ್ತದೆ. ಕರ್ನಾಟಕದ ಪ್ರೌಢಶಾಲಾ ಅಧ್ಯಾಪಕರಿಗಾಗಿ 2010ರ ದಶಕದಲ್ಲಿ ಏರ್ಪಟ್ಟ ವಿಷಯ ಶಿಕ್ಷಕರ ವೇದಿಕೆಯ ಪಟ್ಟಿಗಳು, ಗೂಗಲ್ ಗ್ರೂಪ್ಸ್ ಆಶ್ರಯದಲ್ಲಿ ನಡೆದು, ಈ ಸಾಧನದ ಪ್ರಯೋಜನವನ್ನು ನಮ್ಮ ನಾಡಿಗೆ ಚೆನ್ನಾಗಿ ತೋರಿಸಿಕೊಟ್ಟವು. ದೊಡ್ಡ ಗ್ರಂಥಾಲಯಗಳಿಂದ ದೂರವಿರುವ ತಾಲ್ಲೂಕಿನ ಅಧ್ಯಾಪಕನಿಗೆ ಇಂತಹ ಪಟ್ಟಿಯೇ ಸಹೋದ್ಯೋಗಿಗಳ ಸಭೆಯಾಗುತ್ತದೆ. ಆದಕಾರಣ ಅಲ್ಲಿ ಒಂದು ಪತ್ರ ಸದ್ದಿಲ್ಲದೆ ಕಳೆದುಹೋಗುವುದು ಅಲ್ಪವಾದ ಸಂಗತಿಯಲ್ಲ.

ಮೊದಲು ಪ್ರಾಮಾಣ್ಯನಿಯಮಗಳ ಸ್ವರೂಪವನ್ನು ತಿಳಿಯೋಣ. ಇವು ಮೂರು. 2006ರಲ್ಲಿ ಪ್ರಕಟವಾದ ಎಸ್.ಪಿ.ಎಫ್. ಎಂಬುದು ಪತ್ರದ ಲಕೋಟೆಯನ್ನು ಪರೀಕ್ಷಿಸುತ್ತದೆ: ಲಕೋಟೆಯ ಮೇಲಿರುವ ಡೊಮೈನಿನ ಪರವಾಗಿ ಪತ್ರ ಕಳುಹಿಸಲು ಈ ಸರ್ವರಿಗೆ ಅಧಿಕಾರವುಂಟೇ ಎಂದು ಡಿ.ಎನ್.ಎಸ್. ದಾಖಲೆಯನ್ನು ನೋಡಿ ನಿರ್ಣಯಿಸುತ್ತದೆ. 2007ರ ಡಿ.ಕೆ.ಐ.ಎಂ. ಎಂಬುದು ಪತ್ರದ ಒಡಲಿಗೂ ಆಯ್ದ ಶೀರ್ಷಿಕೆಗಳಿಗೂ ಹಾಕಿದ ಗಣಿತರೂಪದ ಮುದ್ರೆ; ಮುದ್ರೆಯೊಳಗೆ ಸೇರಿದ ಭಾಗದಲ್ಲಿ ಒಂದು ಪದ ಹೆಚ್ಚಿದರೂ ಅದು ಒಡೆಯುತ್ತದೆ. 2015ರಲ್ಲಿ ಪ್ರಕಟವಾದ ಡಿಮಾರ್ಕ್ ಇವೆರಡರ ಮೇಲೆ ನಿಂತಿದೆ. ಓದುಗನಿಗೆ ಕಾಣುವ ಪ್ರೇಷಕನ ವಿಳಾಸದ ಡೊಮೈನಿಗೆ ಹೊಂದುವಂತೆ, ಈ ಎರಡು ಪರೀಕ್ಷೆಗಳಲ್ಲಿ ಒಂದಾದರೂ ಗೆಲ್ಲಬೇಕೆಂಬುದು ಅದರ ಅಪೇಕ್ಷೆ. ಎರಡೂ ಸೋತರೆ ಏನು ಮಾಡಬೇಕೆಂಬುದನ್ನು ಡೊಮೈನಿನ ಒಡೆಯನೇ ಮುಂಚಿತವಾಗಿ ಸಾರಿರುತ್ತಾನೆ: ಸುಮ್ಮನಿರಬೇಕು, ಸಂಶಯದ ಪತ್ರಗಳೊಡನೆ ಬೇರೆಯಿಡಬೇಕು, ಇಲ್ಲವೇ ತಿರಸ್ಕರಿಸಬೇಕು.

ಇನ್ನು ತೊಡಕಿನ ವಿಚಾರ. ನಂಜನಗೂಡಿನ ಒಬ್ಬ ಅಧ್ಯಾಪಕರು ತಮ್ಮ ಯಾಹೂ ವಿಳಾಸದಿಂದ ಒಂದು ಪಟ್ಟಿಗೆ ಪ್ರಶ್ನೆಯನ್ನು ಬರೆದರೆಂದೂ, ತಿರುಮಕೂಡಲು ನರಸೀಪುರದ ಮತ್ತೊಬ್ಬರು ಅದೇ ಪಟ್ಟಿಯ ಸದಸ್ಯರೆಂದೂ ಭಾವಿಸೋಣ. ಪತ್ರವು ನೇರವಾಗಿ ಹೋಗದೆ ಪಟ್ಟಿಯ ಸರ್ವರನ್ನು ಹಾದುಹೋಗುತ್ತದೆ. ಆ ಸರ್ವರು ತನ್ನದೇ ಲಕೋಟೆಯಲ್ಲಿ ಅದನ್ನಿಟ್ಟು ಕಳುಹಿಸುವುದರಿಂದ ಎಸ್.ಪಿ.ಎಫ್. ಪರೀಕ್ಷೆ ಪಟ್ಟಿಯ ಡೊಮೈನಿಗೆ ಗೆದ್ದರೂ ಯಾಹೂವಿಗೆ ಹೊಂದುವುದಿಲ್ಲ. ವಿಷಯದ ಸಾಲಿಗೆ ಪಟ್ಟಿಯ ಹೆಸರನ್ನೂ ಪತ್ರದ ಕೊನೆಗೆ ಸದಸ್ಯತ್ವದ ಸೂಚನೆಯನ್ನೂ ಸೇರಿಸುವುದರಿಂದ ಯಾಹೂವಿನ ಡಿ.ಕೆ.ಐ.ಎಂ. ಮುದ್ರೆ ಒಡೆಯುತ್ತದೆ. ಹೀಗೆ ಎರಡು ಆಧಾರಗಳೂ ತಪ್ಪಿದ ಪತ್ರವು ನರಸೀಪುರದವರ ಸರ್ವರಿನ ಬಾಗಿಲಲ್ಲಿ ಕೂಟಪತ್ರದಂತೆ ತೋರುತ್ತದೆ.

ಇದು ಕೇವಲ ಊಹೆಯಲ್ಲ. 2014ರ ಏಪ್ರಿಲ್ ತಿಂಗಳಿನಲ್ಲಿ ಯಾಹೂ ಸಂಸ್ಥೆಯು, ತನ್ನ ಬಳಕೆದಾರರ ಹೆಸರಿನಲ್ಲಿ ಹರಡುತ್ತಿದ್ದ ವಂಚನೆಯ ಪತ್ರಗಳನ್ನು ತಡೆಯಲೆಂದು, ತಿರಸ್ಕಾರದ ನಿಯಮವನ್ನು ಘೋಷಿಸಿತು; ಅದೇ ತಿಂಗಳು ಎ.ಒ.ಎಲ್. ಸಹ ಅದನ್ನನುಸರಿಸಿತು. ಪ್ರಪಂಚದಾದ್ಯಂತ ಮೇಲಿಂಗ್ ಲಿಸ್ಟುಗಳಲ್ಲಿ ಗೊಂದಲವುಂಟಾಯಿತು. ಇದರ ಒಂದು ಪರಿಣಾಮ ವಿಶೇಷವಾಗಿ ಗಮನಾರ್ಹ. ಪತ್ರಗಳು ಪದೇ ಪದೇ ತಿರಸ್ಕೃತವಾಗಿ ಹಿಂದಿರುಗಿದರೆ, ಆ ಸದಸ್ಯರ ವಿಳಾಸ ನಿರುಪಯುಕ್ತವಾಯಿತೆಂದು ಎಣಿಸಿ ಪಟ್ಟಿಯ ತಂತ್ರಾಂಶವು ಅವರಿಗೆ ಪತ್ರ ಕಳುಹಿಸುವುದನ್ನೇ ನಿಲ್ಲಿಸುತ್ತದೆ. ಅಂದರೆ, ನಂಜನಗೂಡಿನವರು ಬರೆದುದರ ಫಲವಾಗಿ ಏನನ್ನೂ ಬರೆಯದ ನರಸೀಪುರದವರು ಪಟ್ಟಿಯಿಂದ ಹೊರಬೀಳುತ್ತಾರೆ. ಇಬ್ಬರಲ್ಲಿಯೂ ದೋಷವಿಲ್ಲ, ಇಬ್ಬರಿಗೂ ಕಾರಣ ತಿಳಿಯದು.

ಶಾಸನಾಧ್ಯಯನದಲ್ಲಿ ಪರಿಚಯವಿರುವವರಿಗೆ ಈ ಸಮಸ್ಯೆಯ ಮರ್ಮ ಬೇಗನೆ ಹೊಳೆಯಬಹುದು. ಇವೇ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು. ಗಂಗರ ತಾಮ್ರಪಟಗಳಿಗೆ ಆನೆಯ ಮುದ್ರೆಯೇ ಗುರುತು. ಆದರೂ ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದು ಜೆ. ಎಫ್. ಫ್ಲೀಟ್ ಅವರು ವಾದಿಸಿದರು. ಲಿಪಿ ಈಚಿನದೆಂಬ ಮಾತ್ರಕ್ಕೆ ದಾನವೇ ಸುಳ್ಳೆನ್ನಬಹುದೇ, ಅಥವಾ ಹಳೆಯ ಪಟ ಸವೆದಾಗ ಮತ್ತೆ ಬರೆಯಿಸಿದ ಪ್ರತಿಯೂ ಅದಾಗಿರಬಹುದೇ ಎಂಬುದನ್ನು ವಿದ್ವಾಂಸನು ಕುಳಿತು ವಿವೇಚಿಸಬಲ್ಲನು. ಡಿಮಾರ್ಕ್ ಪರೀಕ್ಷೆಗೆ ಆ ವಿವೇಚನೆಯಿಲ್ಲ. ಮೂಲದ ಮುದ್ರೆ ಉಳಿದಿಲ್ಲವೆಂಬುದಷ್ಟೇ ಅದಕ್ಕೆ ಗೊತ್ತು; ಮುದ್ರೆಯನ್ನು ಒಡೆದವನು ವಂಚಕನೋ ವಿಶ್ವಾಸಾರ್ಹನಾದ ಪ್ರತಿಕಾರನೋ ಎಂಬುದು ಅದಕ್ಕೆ ಅಗೋಚರ.

ಹಾಗಾದರೆ ಪರಿಹಾರವೇನು? ಮೊದಲನೆಯದು, ಪಟ್ಟಿಯು ಪತ್ರವನ್ನು ಕಿಂಚಿತ್ತೂ ಬದಲಿಸದಿರುವುದು. ವಿಷಯದ ಸಾಲನ್ನೂ ಒಡಲನ್ನೂ ಮುಟ್ಟದಿದ್ದರೆ ಮೂಲಮುದ್ರೆ ಸಾಮಾನ್ಯವಾಗಿ ಉಳಿಯುತ್ತದೆ. ಎರಡನೆಯದು, ಪ್ರೇಷಕನ ಸ್ಥಾನದಲ್ಲಿ ಪಟ್ಟಿಯು ತನ್ನ ವಿಳಾಸವನ್ನೇ ಇಟ್ಟು, ತನ್ನದೇ ಮುದ್ರೆಯನ್ನು ಒತ್ತುವುದು. ಗೂಗಲ್ ಗ್ರೂಪ್ಸ್ ಕಠಿಣ ನಿಯಮದ ಡೊಮೈನುಗಳಿಗೆ ಹೀಗೆಯೇ ಮಾಡುತ್ತದೆ. ಬರೆದವರ ಹೆಸರಿನೊಡನೆ ಗುಂಪಿನ ಹೆಸರು ಕಾಣುವುದು ಇದರಿಂದಲೇ. ಮೇಲ್‌ಮ್ಯಾನ್ ತಂತ್ರಾಂಶದಲ್ಲಿ, 2014ರ 2.1.18ನೆಯ ಆವೃತ್ತಿಯಿಂದ, ಅಂತಹ ಡೊಮೈನುಗಳ ಪತ್ರಗಳಿಗೆ ಮಾತ್ರ ಈ ಕ್ರಮವನ್ನು ಅನ್ವಯಿಸುವ ಅವಕಾಶವುಂಟು. ಆದರೆ ಬರೆದವರ ನಿಜವಾದ ವಿಳಾಸ ಮರೆಯಾಗದಂತೆ ಪ್ರತ್ಯುತ್ತರದ ಸಾಲಿನಲ್ಲಿ ಅದನ್ನು ಉಳಿಸತಕ್ಕದ್ದು. ಮೂರನೆಯದು 2019ರಲ್ಲಿ ಪ್ರಾಯೋಗಿಕವಾಗಿ ಪ್ರಕಟವಾದ ಆರ್ಕ್. ಪತ್ರ ತನ್ನ ಕೈಸೇರಿದಾಗ ಪರೀಕ್ಷೆಯ ಫಲ ಏನಿತ್ತೆಂಬುದಕ್ಕೆ ಮಧ್ಯವರ್ತಿಯು ಸಾಕ್ಷ್ಯವನ್ನು ಬರೆದು ಮುದ್ರೆಯೊತ್ತುವುದು ಇದರ ತತ್ತ್ವ. ಆದರೆ ಆ ಸಾಕ್ಷಿಯನ್ನು ನಂಬುವುದು ಬಿಡುವುದು ಸ್ವೀಕರಿಸುವ ಸರ್ವರಿಗೆ ಸೇರಿದ್ದಾದ್ದರಿಂದ ಇದೊಂದನ್ನೇ ಅವಲಂಬಿಸಲಾಗದು.

ಪರೀಕ್ಷೆಗಳನ್ನೇ ಕೈಬಿಡುವುದು ಪರಿಹಾರವಲ್ಲ. 2024ರ ಫೆಬ್ರವರಿಯಿಂದ, ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರು ಈ ಮೂರನ್ನೂ ಅಳವಡಿಸಿರಬೇಕೆಂದು ಗೂಗಲ್ ವಿಧಿಸಿದೆ. ಸ್ವಂತ ಡೊಮೈನುಳ್ಳ ಕಾಲೇಜುಗಳು ಆರಂಭದಲ್ಲಿಯೇ ತಿರಸ್ಕಾರವನ್ನು ಸಾರದೆ, ಮೊದಲು ಸೌಮ್ಯವಾದ ನಿಯಮವನ್ನಿಟ್ಟು, ಬರುವ ವರದಿಗಳನ್ನು ಓದಿ, ತಮ್ಮ ಅಧ್ಯಾಪಕರು ಯಾವ ಯಾವ ಪಟ್ಟಿಗಳಿಗೆ ಬರೆಯುತ್ತಾರೆಂಬುದನ್ನು ಅರಿಯುವುದು ಲೇಸು. ಪರೀಕ್ಷೆ, ಶುಲ್ಕ ಮುಂತಾದ ಅಧಿಕೃತ ಪ್ರಕಟಣೆಗಳಿಗೆ ಪ್ರತ್ಯೇಕವಾದ ಉಪಡೊಮೈನನ್ನಿಟ್ಟು ಕಠಿಣ ನಿಯಮವನ್ನು ಅದಕ್ಕೆ ಮಾತ್ರ ಅನ್ವಯಿಸಬಹುದು.

ಒಟ್ಟಿನಲ್ಲಿ, ಬದಲಿಸಿದ ಪತ್ರಕ್ಕೆ ಬದಲಿಸಿದವನೇ ಹೊಣೆಗಾರನಾಗಬೇಕೆಂಬುದು ಈ ನಿಯಮಗಳಿಂದ ಹೊರಡುವ ತತ್ತ್ವ. ಪಟ್ಟಿಯ ನಿರ್ವಾಹಕರು ಪತ್ರವನ್ನು ಬಂದಂತೆಯೇ ಒಪ್ಪಿಸಬೇಕು, ಇಲ್ಲವೇ ತಮ್ಮ ಹೆಸರಿನಲ್ಲಿ ಕಳುಹಿಸಬೇಕು. ತಂತ್ರಾಂಶವು ಹೊರಗಿಟ್ಟ ಸದಸ್ಯರ ಯಾದಿಯನ್ನು ಅವರು ಆಗಾಗ ಪರಿಶೀಲಿಸುವುದೂ ಅಗತ್ಯ. ಏಕೆಂದರೆ ಪತ್ರ ಬಾರದವನು, ಬರಬೇಕಾದ ಪತ್ರವೊಂದಿತ್ತೆಂಬುದನ್ನು ತಾನಾಗಿ ಅರಿಯಲಾರನು.